ಸಣ್ಣ ನಗರಕ್ಕೆ ಟೆಕ್ ಸ್ಟಾರ್ಟಪ್‌ಗಳು ಬರಬೇಕಾದರೆ ಮೊದಲು ಗಿರಾಕಿಯನ್ನು ತೋರಿಸಿ

ಪ್ರಶ್ನೆ: ನಮ್ಮದು ಎರಡು ಲಕ್ಷದಷ್ಟು ಜನರಿರುವ ಸಣ್ಣ ನಗರ. ಒಂದು ಎಂಜಿನಿಯರಿಂಗ್ ಕಾಲೇಜು, ಹಳೆಯ ಕೈಗಾರಿಕಾ ಪ್ರದೇಶ, ಒಂದು ದೊಡ್ಡ ಆಸ್ಪತ್ರೆ ಇವೆ. ಓದಿದ ಮಕ್ಕಳೆಲ್ಲ ಮಹಾನಗರದ ಕಡೆ ಹೋಗುತ್ತಿದ್ದಾರೆ. ಟೆಕ್ ಸ್ಟಾರ್ಟಪ್‌ಗಳನ್ನು ಇಲ್ಲಿಗೆ ಕರೆತರಬೇಕು ಅಂತ ನಗರಾಡಳಿತ ಒಂದು ಸಮಿತಿ ಮಾಡಿದೆ. ಅದರಲ್ಲಿ ನಾನೂ ಇದ್ದೇನೆ. ಟೆಕ್ ಪಾರ್ಕ್ ಕಟ್ಟಿಸಿ, ಮೊದಲ ಐದು ವರ್ಷ ತೆರಿಗೆ ರಿಯಾಯಿತಿ ಕೊಡೋಣ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಇದು ಸರಿಯಾದ ದಾರಿಯೇ? ಬೇರೆ ಏನು ಮಾಡಬಹುದು? ಫಲ ಕಾಣಲು ಎಷ್ಟು ವರ್ಷ ಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಟೆಕ್ ಪಾರ್ಕ್ ಸದ್ಯಕ್ಕೆ ಬೇಡ. ತೆರಿಗೆ ರಿಯಾಯಿತಿಯಿಂದಲೂ ಜಾಸ್ತಿ ಉಪಯೋಗವಿಲ್ಲ. ಹೊಸ ಕಂಪನಿಯೊಂದಕ್ಕೆ ಸಣ್ಣ ನಗರ ಕೊಡಬಹುದಾದದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಮೊದಲ ಗಿರಾಕಿ. ಅದನ್ನು ಕೊಡಲು ನಿಮ್ಮ ಊರಿಗೆ ಸಾಧ್ಯವಿದೆ. ನಿಮ್ಮ ಪ್ರಶ್ನೆಯಲ್ಲೇ ಅದರ ಸುಳಿವೂ ಇದೆ: ಹಳೆಯ ಕೈಗಾರಿಕಾ ಪ್ರದೇಶ, ದೊಡ್ಡ ಆಸ್ಪತ್ರೆ. ಇವನ್ನು ಊರಿನ ಪರಿಚಯಕ್ಕೆ ಅಂತ ಬರೆದಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ಯೋಜನೆ ಶುರುವಾಗಬೇಕಾದ ಜಾಗಗಳೇ ಅವು.

ತೆರಿಗೆಯ ವಿಚಾರ ಮೊದಲು ಮುಗಿಸೋಣ. ಹೊಸ ಟೆಕ್ ಕಂಪನಿಗೆ ಮೊದಲ ಕೆಲವು ವರ್ಷ ಲಾಭ ಅನ್ನುವುದೇ ಇರುವುದಿಲ್ಲ. ಇಲ್ಲದ ಲಾಭಕ್ಕೆ ತೆರಿಗೆ ಬಿಟ್ಟರೆ ಅವರಿಗೆ ಸಿಕ್ಕಿದ್ದೇನು? ಈ ರಿಯಾಯಿತಿಯನ್ನು ಚೆನ್ನಾಗಿ ಬಳಸಿಕೊಳ್ಳುವುದು ದೊಡ್ಡ ಕಂಪನಿಗಳ ಶಾಖೆಗಳು. ಅವಧಿ ಮುಗಿದ ಮೇಲೆ ಇನ್ನೊಂದು ಊರು ಕರೆದರೆ ಅವು ಅಲ್ಲಿಗೆ ಹೋಗುತ್ತವೆ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಇಂಥ ರಿಯಾಯಿತಿಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2018ರಲ್ಲಿ ಒಂದು ಅಂದಾಜು ಕೊಟ್ಟರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ, ಅದು ಸಿಕ್ಕಿದ್ದಕ್ಕೇ ಆ ಊರನ್ನು ಆರಿಸಿಕೊಂಡವು ಶೇ. 2ರಿಂದ 25ರಷ್ಟು ಮಾತ್ರ. ಉಳಿದವು ಹೇಗಿದ್ದರೂ ಅಲ್ಲಿಗೇ ಬರುತ್ತಿದ್ದವು. ಅಂದರೆ ಹೆಚ್ಚಿನ ದುಡ್ಡು ಸುಮ್ನೆ ಹೋಗುತ್ತದೆ.

ಕಟ್ಟಡದ ಕಥೆಯೂ ಹಾಗೆಯೇ. ಮೂರು ಜನರ ಕಂಪನಿಗೆ ಬೇಕಾದ್ದು ಮೂರು ಟೇಬಲ್, ಕೈಕೊಡದ ಕರೆಂಟು, ಕೈಕೊಡದ ಇಂಟರ್‌ನೆಟ್, ತಿಂಗಳ ನೋಟಿಸ್ ಕೊಟ್ಟು ಬಿಡಬಹುದಾದ ಬಾಡಿಗೆ ಕರಾರು. ಈಗಾಗಲೇ ಖಾಲಿ ಬಿದ್ದಿರುವ ಯಾವುದಾದರೂ ಹಳೆಯ ಕಟ್ಟಡದ ಒಂದು ಮಹಡಿ ಸಾಕು. ಟೆಕ್ ಪಾರ್ಕ್ ಕಟ್ಟಿದರೆ ಫೋಟೋ ಚೆನ್ನಾಗಿ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ, ಅದು ನನಗೂ ಗೊತ್ತು. ಆದರೆ ಒಳಗೆ ಕೂರುವವರು ಯಾರು, ಅವರು ಏನನ್ನು ಯಾರಿಗೆ ಮಾರುತ್ತಾರೆ ಅನ್ನುವುದಕ್ಕೆ ಉತ್ತರ ಸಿಗುವ ಮೊದಲೇ ಕಾಂಕ್ರೀಟ್ ಸುರಿಯಬೇಡಿ.

ಮೈಕ್ರೋಸಾಫ್ಟ್ ಶುರುವಾದದ್ದು ಎಲ್ಲಿ ಅಂತ ಕೇಳಿದರೆ ಹೆಚ್ಚಿನವರು ಸಿಯಾಟಲ್ ಅನ್ನುತ್ತಾರೆ. ನಿಜವಾಗಿ ಶುರುವಾದದ್ದು 1975ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಎಂಬ ಮರುಭೂಮಿಯ ಊರಿನಲ್ಲಿ. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಅಲ್ಲಿಗೆ ಹೋದದ್ದೇಕೆ? ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರ್ ತಯಾರಿಸುತ್ತಿದ್ದ ಎಂಐಟಿಎಸ್ ಕಂಪನಿ ಅಲ್ಲಿತ್ತು. ಆ ಯಂತ್ರಕ್ಕೆ ಇವರು ಬೇಸಿಕ್ ಭಾಷೆಯ ಸಾಫ್ಟ್‌ವೇರ್ ಬರೆದುಕೊಟ್ಟರು. ಎಂಐಟಿಎಸ್ ಅವರ ಮೊದಲ ಗಿರಾಕಿ. ಆ ಊರಿನಲ್ಲಿ ಯಾರೂ ಅವರಿಗೆ ಟೆಕ್ ಪಾರ್ಕ್ ಕಟ್ಟಿರಲಿಲ್ಲ. ಗಿರಾಕಿ ಇದ್ದಲ್ಲಿಗೆ ಅವರೇ ಹೋದರು.

ಇದೇ ಕಥೆಯ ಎರಡನೇ ಅರ್ಧವೂ ನಿಮಗೆ ಬೇಕಾದದ್ದೇ. 1977ರಲ್ಲಿ ಎಂಐಟಿಎಸ್ ಬೇರೆಯವರ ಕೈಗೆ ಮಾರಾಟವಾಯಿತು. ಅಷ್ಟು ಹೊತ್ತಿಗೆ ಮೈಕ್ರೋಸಾಫ್ಟ್‌ಗೆ ಬೇರೆ ಗಿರಾಕಿಗಳೂ ಸಿಕ್ಕಿದ್ದರು. ಒಳ್ಳೆಯ ಪ್ರೋಗ್ರಾಮರ್‌ಗಳನ್ನು ಆ ಊರಿಗೆ ಕರೆಸಿಕೊಳ್ಳುವುದು ಕಷ್ಟವಾಗುತ್ತಿತ್ತು. 1979ರ ಆರಂಭದಲ್ಲಿ ಗೇಟ್ಸ್ ಮತ್ತು ಆಲನ್ ಕಂಪನಿಯನ್ನು ತಮ್ಮ ಹುಟ್ಟೂರು ಸಿಯಾಟಲ್‌ನ ಪಕ್ಕದ ಬೆಲ್‌ವ್ಯೂಗೆ ಸಾಗಿಸಿದರು. ಆಗ ಕಂಪನಿಯಲ್ಲಿದ್ದವರು ಹದಿಮೂರು ಜನರಷ್ಟೇ. ಗಿರಾಕಿ ಕರೆತಂದ, ಹುಟ್ಟೂರು ವಾಪಸ್ ಕರೆಸಿಕೊಂಡಿತು. ಗಿರಾಕಿ ಮತ್ತು ಊರಿನ ನಂಟು, ಈ ಎರಡರ ಸುತ್ತಲೇ ನಿಮ್ಮ ಸಮಿತಿ ಯೋಚಿಸಬೇಕು ಅನ್ನುವುದು ನನ್ನ ಒತ್ತಾಯ.

ಇನ್ನೊಂದು ಊರು ನೋಡಿ. ಅಮೆರಿಕದ ಟೆನೆಸೀ ರಾಜ್ಯದ ಚಾಟನೂಗ, ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಅಲ್ಲಿ ಊರಿನದೇ ವಿದ್ಯುತ್ ಸಂಸ್ಥೆಯಿದೆ, ಇಪಿಬಿ ಅಂತ. ಅದು ತನ್ನ ವ್ಯಾಪ್ತಿಯ ಮನೆಮನೆಗೂ ಫೈಬರ್ ಎಳೆದು 2010ರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್‌ನೆಟ್ ಕೊಟ್ಟಿತು. ಕೇಂದ್ರ ಸರ್ಕಾರದಿಂದ 11 ಕೋಟಿ ಡಾಲರ್‌ಗೂ ಮೇಲೆ ಅನುದಾನ ಸಿಕ್ಕಿತ್ತು. ಆಗ ಅದು ದೊಡ್ಡ ಸುದ್ದಿ. ಈ ಕಥೆ ಕೇಳಿದವರು "ಫೈಬರ್ ಎಳೆದರೆ ಸ್ಟಾರ್ಟಪ್ ಬರುತ್ತವೆ" ಅಂತ ಪಾಠ ಕಲಿಯುತ್ತಾರೆ. ಆದರೆ ಆ ಅನುದಾನ ಬಂದದ್ದು ಸ್ಮಾರ್ಟ್ ಗ್ರಿಡ್‌ಗೆ. ಕರೆಂಟು ಹೋದಾಗ ಎಲ್ಲಿ ತೊಂದರೆಯಾಗಿದೆ ಅಂತ ತಾನೇ ಪತ್ತೆ ಹಚ್ಚಿ, ತಾನೇ ಬೇರೆ ದಾರಿಯಲ್ಲಿ ಕರೆಂಟು ಹರಿಸುವ ಸ್ವಿಚ್‌ಗಳಿಗಾಗಿ ಆ ಜಾಲ ಬೇಕಿತ್ತು. ಅದರಿಂದ ಊರಿಗೆ ಹೇಗಿದ್ದರೂ ಲಾಭವಿತ್ತು, ಒಂದು ಸ್ಟಾರ್ಟಪ್ ಬರದಿದ್ದರೂ.

ಆಮೇಲೆ ಅಲ್ಲಿ ಬೆಳೆದ ಕಂಪನಿಗಳನ್ನು ನೋಡಿದರೆ ಬೇರೆಯೇ ಎಳೆ ಕಾಣುತ್ತದೆ. ಚಾಟನೂಗ ಲಾರಿ ಸಾಗಣೆಯ ಊರು. ಯುಎಸ್ ಎಕ್ಸ್‌ಪ್ರೆಸ್‌ನಂಥ ದೊಡ್ಡ ಲಾರಿ ಕಂಪನಿ ಅಲ್ಲೇ ಬೆಳೆದದ್ದು. ಆಕ್ಸೆಸ್ ಅಮೆರಿಕ ಎಂಬ ಸರಕು ಸಾಗಣೆ ಕಂಪನಿ ಕಟ್ಟಿದ ಮೂವರು ಗೆಳೆಯರು ಹೊಸ ಕಂಪನಿಗಳಿಗೆ ದುಡ್ಡು ಹಾಕಲು ಶುರುಮಾಡಿದರು. ಸರಕು ಸಾಗಣೆಯ ಮಾಹಿತಿ ಮಾರುವ ಫ್ರೇಟ್‌ವೇವ್ಸ್ ಅಲ್ಲೇ ಹುಟ್ಟಿತು. ಖಾಲಿ ಲಾರಿ ವಾಪಸ್ ಬರುವಾಗ ಆಗುವ ನಷ್ಟ ಎಷ್ಟು, ಯಾವ ದಾರಿಗೆ ಯಾವ ವಾರ ಬಾಡಿಗೆ ಏರುತ್ತದೆ ಅನ್ನುವುದು ಆ ಊರಿನಲ್ಲಿ ದಿನವೂ ಕೇಳುವ ಮಾತು. ಫೈಬರ್ ಊರಿಗೆ ಹೆಸರು ತಂದಿತು, ಕಸುಬು ಕಂಪನಿ ತಂದಿತು. ನನ್ನ ತೂಕ ಎರಡನೆಯದಕ್ಕೇ.

ಅಯೋವಾದ ಡೆಮಾಯ್ನ್ ನಗರ ಇದನ್ನೇ ಬೇಕಂತಲೇ ಮಾಡಿತು. ಅದು ವಿಮಾ ಕಂಪನಿಗಳ ಊರು. ಅಲ್ಲಿನ ವಿಮಾ ಕಂಪನಿಗಳು ಕೆಲವು ಸೇರಿ, ದುಡ್ಡು ಹಾಕಿ, ವಿಮೆಗೆ ಸಂಬಂಧಿಸಿದ ಸ್ಟಾರ್ಟಪ್‌ಗಳಿಗೆ ಮಾತ್ರ ಅಂತ ಗ್ಲೋಬಲ್ ಇನ್ಶೂರೆನ್ಸ್ ಆಕ್ಸಿಲರೇಟರ್ ಎಂಬ ತರಬೇತಿ ಕೂಟ ಶುರುಮಾಡಿದವು. ಮೊದಲ ತಂಡ ಬಂದದ್ದು 2015ರಲ್ಲಿ. ಬೇರೆ ಕಡೆ ವಿಮಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರನ್ನು ಅರ್ಧ ಗಂಟೆ ಮಾತಿಗೆ ಸಿಗಿಸಿಕೊಳ್ಳಲು ಯುವಕರು ತಿಂಗಳುಗಟ್ಟಲೆ ಅಲೆಯಬೇಕು. ಇಲ್ಲಿ ಆ ಅಧಿಕಾರಿಗಳೇ ಬಂದು ಕೂತು, ಈ ಐಡಿಯಾ ನಡೆಯುತ್ತದೆ, ಇದು ನಡೆಯುವುದಿಲ್ಲ, ಯಾಕೆಂದರೆ ಕ್ಲೇಮ್ ವಿಭಾಗ ಕೆಲಸ ಮಾಡುವುದು ಹೀಗೆ ಅಂತ ಬಿಡಿಸಿ ಹೇಳುತ್ತಾರೆ. ಎಷ್ಟು ದುಡ್ಡು ಕೊಟ್ಟರೂ ಸಿಗದ ಮಾತು ಅದು.

ಹಾಗಾದರೆ ನಿಮ್ಮ ಊರಿನಲ್ಲಿ ಇದು ಹೇಗೆ ಕಾಣಬಹುದು? ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಇಬ್ಬರು ಹುಡುಗರು ಮೋಟಾರ್‌ಗಳಿಗೆ ಅಂಟಿಸುವ ಕಂಪನ ಸೆನ್ಸರ್ ಮಾಡಿದ್ದಾರೆ ಅಂದುಕೊಳ್ಳಿ. ಬೇರಿಂಗ್ ಸವೆಯಲು ಶುರುವಾದರೆ ಮೋಟಾರಿನ ಕಂಪನ ಬದಲಾಗುತ್ತದೆ. ಮೈ ಬಿಸಿಯಾಗುವುದು ಎಷ್ಟೋ ದಿನ ಆದಮೇಲೆ. ಕಂಪನದಲ್ಲೇ ಗುರುತು ಹಿಡಿದರೆ ಮೆಷಿನ್ ನಿಲ್ಲುವ ಮೊದಲೇ ಬೇರಿಂಗ್ ಬದಲಾಯಿಸಬಹುದು. ಲ್ಯಾಬಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತಿದೆ. ಈಗ ಇದನ್ನು ನಿಮ್ಮ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ತರುತ್ತಾರೆ.

ಮೊದಲ ವಾರ ಗೊತ್ತಾಗುವ ವಿಷಯ: ತಗಡಿನ ಶೆಡ್ಡಿನೊಳಗೆ ವೈಫೈ ಸಿಗ್ನಲ್ ಮೂಲೆಯ ಮೋಟಾರ್‌ವರೆಗೆ ಹೋಗುವುದೇ ಇಲ್ಲ. ಎರಡನೇ ವಾರ: ಎಣ್ಣೆ, ಧೂಳು ಕೂತು ಸೆನ್ಸರಿನ ಆಯಸ್ಕಾಂತ ಜಾರುತ್ತದೆ. ಮೂರನೇ ವಾರ ನಿಜವಾದ ಪಾಠ. ಶಿಫ್ಟ್ ಶುರುವಾಗುವಾಗ ಎಲ್ಲ ಮೋಟಾರ್ ಒಟ್ಟಿಗೆ ಆನ್ ಆಗುತ್ತವೆ, ಆಗ ಕಂಪನ ಜಾಸ್ತಿ, ಸೆನ್ಸರ್ ಪ್ರತಿ ದಿನ ಬೆಳಿಗ್ಗೆ ಸುಳ್ಳು ಅಲಾರಂ ಕೊಡುತ್ತದೆ. ಫೋರ್‌ಮನ್ ಬೇಸತ್ತು ಅದನ್ನು ಆಫ್ ಮಾಡಿಬಿಡುತ್ತಾರೆ. ಅವರಿಗೆ ಸೆನ್ಸರ್ ಬೇಕಾಗಿಯೇ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬೇರಿಂಗ್ ಹೇಗಿದೆ ಅಂತ ಹೇಳಬಲ್ಲರು. ಆದರೆ ರಾತ್ರಿ ಪಾಳಿಯಲ್ಲಿ ಅವರಿರುವುದಿಲ್ಲ. ನಿವೃತ್ತಿಗೂ ಜಾಸ್ತಿ ದಿನವಿಲ್ಲ. ಇದು ಗೊತ್ತಾದಾಗ ಹುಡುಗರು ಮಾರಬೇಕಾದ ವಸ್ತುವೇ ಬದಲಾಗುತ್ತದೆ. "ನಿಮ್ಮ ಫೋರ್‌ಮನ್ ಇಲ್ಲದ ಹೊತ್ತಿನಲ್ಲಿ ಮೋಟಾರ್ ನೋಡಿಕೊಳ್ಳುವ ಸೇವೆ" ಅಂತ ಹೇಳಿದರೆ ಕಾರ್ಖಾನೆಯ ಯಜಮಾನರು ತಕ್ಷಣ ಕಿವಿಗೊಡುತ್ತಾರೆ.

ಮಹಾನಗರದ ಕೋವರ್ಕಿಂಗ್ ಆಫೀಸಿನಲ್ಲಿ ಕೂತು ಈ ಮೂರು ವಾರದ ಪಾಠ ಕಲಿಯಲು ಆಗುವುದಿಲ್ಲ. ಅಲ್ಲಿಂದ ಕಾರ್ಖಾನೆ ದೂರ, ಅನುಮತಿ ಕಷ್ಟ, ಯಜಮಾನರ ಪರಿಚಯವಿಲ್ಲ. ನಿಮ್ಮ ಊರಿನಲ್ಲಿ ಸಮಿತಿಯ ಸದಸ್ಯರೊಬ್ಬರು ಒಂದು ಫೋನ್ ಮಾಡಿದರೆ ಬಾಗಿಲು ತೆರೆಯುತ್ತದೆ. ಸಣ್ಣ ಊರಿನ ಶಕ್ತಿ ಇರುವುದು ಇಲ್ಲೇ. ಮತ್ತೆ, ಸೇವೆ ಚೆನ್ನಾಗಿದ್ದರೆ ಆ ಯಜಮಾನರು ಬೇರೆ ಊರಿನ ತಮ್ಮ ಸ್ನೇಹಿತರಿಗೂ ಹೇಳುತ್ತಾರೆ. ಕಾರ್ಖಾನೆಯವರ ಮಾತನ್ನು ಕಾರ್ಖಾನೆಯವರು ನಂಬಿದಷ್ಟು ಯಾವ ಜಾಹೀರಾತನ್ನೂ ನಂಬುವುದಿಲ್ಲ.

ಆದ್ದರಿಂದ ಸಮಿತಿಯ ಮೊದಲ ಕೆಲಸ ಇದು. ಕೈಗಾರಿಕಾ ಪ್ರದೇಶದ ಒಂದೊಂದೇ ಘಟಕಕ್ಕೆ ಹೋಗಿ. ಆಸ್ಪತ್ರೆಗೆ ಹೋಗಿ. "ತಂತ್ರಜ್ಞಾನ ಬೇಕಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಕಳೆದ ತಿಂಗಳು ಯಾವ ಕೆಲಸ ನಿಂತುಹೋಯಿತು? ಅದಕ್ಕೆ ಎಷ್ಟು ನಷ್ಟವಾಯಿತು? ಅದನ್ನು ಸರಿಮಾಡಿ ಕೊಟ್ಟರೆ ಎಷ್ಟು ಕೊಡುತ್ತೀರಿ?" ಅಂತ ಕೇಳಿ. ಮೂರನೇ ಪ್ರಶ್ನೆಗೆ ಅಂಕಿ ಬಂದರೆ ಮಾತ್ರ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಮೇಲಿನವರನ್ನು ಮಾತ್ರ ಕೇಳಿದರೆ ಸಾಲದು. ಬಿಡುಗಡೆಯ ದಿನ ರೋಗಿಗಳು ಬಿಲ್ಲಿಗಾಗಿ ಅರ್ಧ ದಿನ ಯಾಕೆ ಕಾಯುತ್ತಾರೆ, ಆಪರೇಷನ್ ಥಿಯೇಟರಿನ ಸಲಕರಣೆ ಎಲ್ಲಿ ಕಳೆದುಹೋಗುತ್ತದೆ ಅನ್ನುವುದು ನರ್ಸ್‌ಗಳಿಗೆ ಗೊತ್ತು. ಇಂಥ ಹದಿನೈದು ಇಪ್ಪತ್ತು ನಿಜವಾದ ಸಮಸ್ಯೆಗಳು, ಪ್ರತಿಯೊಂದಕ್ಕೂ ದುಡ್ಡು ಕೊಡಲು ತಯಾರಿರುವ ಒಬ್ಬರ ಹೆಸರು. ಈ ಪಟ್ಟಿ ಹಿಡಿದು ಮಹಾನಗರದ ಸ್ಟಾರ್ಟಪ್‌ಗಳ ಹತ್ತಿರ ಹೋದರೆ ನಿಮ್ಮ ಮಾತು ಕೇಳುತ್ತಾರೆ. ಬ್ರೋಷರ್ ಹಿಡಿದು ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ.

ಇನ್ನು ನಗರಾಡಳಿತ. ಸಣ್ಣ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಖರೀದಿದಾರ ಅದೇ. ನೀರಿನ ಪೈಪ್ ಸೋರಿಕೆ, ಬೀದಿದೀಪ, ಕಸದ ಗಾಡಿಗಳ ಓಡಾಟ, ಕಟ್ಟಡ ಪರವಾನಗಿ, ಇವೆಲ್ಲ ಒಳ್ಳೆಯ ಸಾಫ್ಟ್‌ವೇರ್ ಬೇಡುವ ಕೆಲಸಗಳು. ಆದರೆ ಟೆಂಡರಿನ ಷರತ್ತು ನೋಡಿ. ಮೂರು ವರ್ಷದ ಆಡಿಟ್ ಆದ ಲೆಕ್ಕ, ಇಷ್ಟು ವಹಿವಾಟು, ಇಂಥದ್ದೇ ಕೆಲಸ ಮಾಡಿದ ಅನುಭವ, ದೊಡ್ಡ ಠೇವಣಿ. ಒಂದು ವರ್ಷದ ಕಂಪನಿ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಒಂದು ಕೈಯಲ್ಲಿ ಸ್ಟಾರ್ಟಪ್‌ಗಳನ್ನು ಕರೆಯುತ್ತಾ ಇನ್ನೊಂದು ಕೈಯಲ್ಲಿ ಹೊರಗೆ ತಳ್ಳಿದ ಹಾಗಾಗುತ್ತದೆ, ಅಲ್ವಾ?

ಇದಕ್ಕೆ ದಾರಿ ಇದೆ. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ 2014ರಲ್ಲಿ ಒಂದು ಪದ್ಧತಿ ತಂದಿತು. ಆಮೇಲೆ ಅದಕ್ಕೆ ಸ್ಟಾರ್ಟಪ್ ಇನ್ ರೆಸಿಡೆನ್ಸ್ ಅಂತ ಹೆಸರಾಯಿತು. ಇಂಥ ಸಾಫ್ಟ್‌ವೇರ್ ಬೇಕು ಅಂತ ಪುಟಗಟ್ಟಲೆ ಬರೆಯುವ ಬದಲು ಇಲಾಖೆಗಳು ತಮ್ಮ ತೊಂದರೆ ಏನು ಅಂತ ಬರೆದವು. ಆಯ್ಕೆಯಾದ ಸ್ಟಾರ್ಟಪ್ 16 ವಾರ ಆ ಇಲಾಖೆಯವರ ಜೊತೆಯೇ ಕೂತು ಪರಿಹಾರ ಮಾಡಿ ತೋರಿಸಬೇಕು. 2016ರಲ್ಲಿ ವೆಸ್ಟ್ ಸ್ಯಾಕ್ರಮೆಂಟೊ ಕೂಡ ಇದಕ್ಕೆ ಸೇರಿತು. ಅದು ನಿಮ್ಮ ಊರಿಗಿಂತ ಎಷ್ಟೋ ಚಿಕ್ಕದು, ಐವತ್ತು ಸಾವಿರ ಜನರ ಊರು. ಅಂದರೆ ಇದು ದೊಡ್ಡ ಊರಿಗೆ ಮಾತ್ರ ಸಾಧ್ಯವಾಗುವ ಕೆಲಸವೇನಲ್ಲ. ನಿಮ್ಮ ನಿಯಮಗಳು ಎಷ್ಟು ಸಡಿಲವಾಗಬಹುದು ಅಂತ ಲೆಕ್ಕಪತ್ರ ವಿಭಾಗದವರನ್ನು ಶುರುವಿನಲ್ಲೇ ಜೊತೆಗೆ ಕೂರಿಸಿಕೊಂಡು ಕೇಳಿ. ಕೊನೆಯಲ್ಲಿ ಹೋದರೆ ಅವರು ತಡೆಯುತ್ತಾರೆ, ಅದು ಅವರ ಕರ್ತವ್ಯ. ಮೊದಲೇ ಕರೆದರೆ ಸಣ್ಣ ಮೊತ್ತದ ಖರೀದಿಗೆ ಇರುವ ಸರಳ ದಾರಿಯನ್ನು ಅವರೇ ತೋರಿಸುತ್ತಾರೆ.

ಎರಡು ವಿಷಯದಲ್ಲಿ ಗಟ್ಟಿಯಾಗಿರಿ. ಪ್ರಯೋಗಕ್ಕೆ ಅಂತ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬೇಡಿ. ಪುಕ್ಕಟೆ ಸಿಕ್ಕಿದ್ದನ್ನು ಇಲಾಖೆಯವರು ಬಳಸುವುದೂ ಇಲ್ಲ, ಕಂಪನಿಗೆ ಅದು ಗಿರಾಕಿ ಅಂತ ತೋರಿಸಿಕೊಳ್ಳಲೂ ಬರುವುದಿಲ್ಲ. ಇನ್ನೊಂದು, ಬಿಲ್ಲನ್ನು 30 ದಿನದೊಳಗೆ ಪಾಸ್ ಮಾಡಿ. ಆರು ಜನರ ಕಂಪನಿಗೆ ಪ್ರತಿ ತಿಂಗಳ ಕೊನೆ ಅಂದರೆ ಆರು ಮನೆಗಳ ಸಂಬಳ. ಬಿಲ್ಲು ನಾಲ್ಕೈದು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿದರೆ, ಕೆಲಸ ಚೆನ್ನಾಗಿ ಮಾಡಿಯೂ ಕಂಪನಿ ಮುಚ್ಚುತ್ತದೆ. ಆ ಸುದ್ದಿ ಉಳಿದ ಸ್ಟಾರ್ಟಪ್‌ಗಳಿಗೆ ತಲುಪಲು ಒಂದು ದಿನ ಸಾಕು. ಬಿಲ್ಲು ಬೇಗ ಕೊಡುವ ಊರು ಅನ್ನುವ ಹೆಸರು ಯಾವ ರಿಯಾಯಿತಿಗಿಂತಲೂ ದೊಡ್ಡದು ಅಂತ ನಾನು ಮನಃಪೂರ್ವಕ ನಂಬುತ್ತೇನೆ.

ಈಗ ಕಾಲೇಜು. ಕೆನಡಾದ ವಾಟರ್‌ಲೂ ಊರಿನ ಉದಾಹರಣೆ ಎಲ್ಲರೂ ಕೊಡುತ್ತಾರೆ, ಆದರೆ ಅದರೊಳಗಿನ ಎರಡು ನಿರ್ಧಾರಗಳ ಬಗ್ಗೆ ಹೇಳುವವರು ಕಡಿಮೆ. ಅಲ್ಲಿನ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದಾಗಿನಿಂದಲೇ ವಿದ್ಯಾರ್ಥಿಗಳನ್ನು ಕೆಲವು ತಿಂಗಳು ತರಗತಿಗೆ, ಕೆಲವು ತಿಂಗಳು ಸಂಬಳದ ಕೆಲಸಕ್ಕೆ ಕಳಿಸುತ್ತಾ ಬಂದಿದೆ. ಪದವಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿ ಹಲವು ಕಂಪನಿಗಳ ಒಳಗನ್ನು ನೋಡಿರುತ್ತಾರೆ. ಎರಡನೆಯದು, ಅಲ್ಲಿ ಅಧ್ಯಾಪಕರಾಗಲಿ ವಿದ್ಯಾರ್ಥಿಯಾಗಲಿ ಕಂಡುಹಿಡಿದದ್ದರ ಹಕ್ಕು ಕಂಡುಹಿಡಿದವರದ್ದೇ. ವಿಶ್ವವಿದ್ಯಾಲಯ ಪಾಲು ಕೇಳುವುದಿಲ್ಲ. ಅಲ್ಲಿ ಓದುತ್ತಿದ್ದ ಮೈಕ್ ಲಜರಿಡಿಸ್ 1984ರಲ್ಲಿ ಗೆಳೆಯನ ಜೊತೆ ಶುರುಮಾಡಿದ ಕಂಪನಿಯೇ ಮುಂದೆ ಬ್ಲ್ಯಾಕ್‌ಬೆರಿ ಫೋನ್ ಮಾಡಿತು.

ನಿಮ್ಮ ಕಾಲೇಜಿನ ಪಠ್ಯಕ್ರಮ ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಆದರೂ ಕೊನೆಯ ವರ್ಷದ ಪ್ರಾಜೆಕ್ಟ್ ಇದ್ದೇ ಇರುತ್ತದೆ. ಪ್ರತಿ ವರ್ಷ ಅದೇ ಹಳೆಯ ಪ್ರಾಜೆಕ್ಟುಗಳನ್ನು ಹೆಸರು ಬದಲಿಸಿ ಒಪ್ಪಿಸುವ ಬದಲು, ನೀವು ಮಾಡಿದ ಆ ಸಮಸ್ಯೆಗಳ ಪಟ್ಟಿಯಿಂದ ಒಂದೊಂದನ್ನು ತಂಡಗಳಿಗೆ ಕೊಡಿಸಿ. ಕಾರ್ಖಾನೆಯಿಂದ ಒಬ್ಬರು, ಕಾಲೇಜಿನಿಂದ ಒಬ್ಬರು ಮಾರ್ಗದರ್ಶಕರು. ಹತ್ತು ತಂಡಗಳಲ್ಲಿ ಒಂದು ಮುಂದೆ ಕಂಪನಿಯಾದರೂ ದೊಡ್ಡದು. ಉಳಿದ ಒಂಬತ್ತು ತಂಡದವರಿಗೆ ನಮ್ಮ ಊರಲ್ಲೂ ಕೆಲಸ ಇದೆ ಅನ್ನುವುದಾದರೂ ಗೊತ್ತಾಗುತ್ತದೆ.

ಹೊರಗೆ ಹೋದವರ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ನನಗೆ ಅವರೇ ನಿಮ್ಮ ದೊಡ್ಡ ಆಸ್ತಿಯಾಗಿ ಕಾಣುತ್ತಾರೆ. ನಾರ್ತ್ ಡಕೋಟಾದ ಡಗ್ ಬರ್ಗಮ್ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಬಿಎ ಮಾಡಿ, ಷಿಕಾಗೋದಲ್ಲಿ ಮೆಕಿನ್ಸಿ ಎಂಬ ಸಲಹಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. 1983ರಲ್ಲಿ ಊರ ಕಡೆ ವಾಪಸ್ ಬಂದು, ಪಿತ್ರಾರ್ಜಿತ ಹೊಲವನ್ನು ಅಡವಿಟ್ಟು, ಫಾರ್ಗೊ ಎಂಬ ಸಣ್ಣ ನಗರದ ಗ್ರೇಟ್ ಪ್ಲೇನ್ಸ್ ಎಂಬ ಅಕೌಂಟಿಂಗ್ ಸಾಫ್ಟ್‌ವೇರ್ ಕಂಪನಿಗೆ ದುಡ್ಡು ಹಾಕಿದರು. 2001ರಲ್ಲಿ ಮೈಕ್ರೋಸಾಫ್ಟ್ ಅದನ್ನು 110 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಕೊಂಡುಕೊಂಡಿತು, ಆದರೆ ಕೆಲಸವನ್ನು ಫಾರ್ಗೊದಲ್ಲೇ ಮುಂದುವರಿಸಿತು. ಇಂಥವರನ್ನು ಯಾವ ಸರ್ಕಾರಿ ಯೋಜನೆಯೂ ತಯಾರು ಮಾಡುವುದಿಲ್ಲ, ನಿಜ. ಆದರೆ ಊರು ಬಿಟ್ಟವರಲ್ಲಿ ವಾಪಸ್ ಬರುವ ಮನಸ್ಸಿರುವವರು ಯಾರು ಅಂತ ಹುಡುಕುವುದು ಸಮಿತಿಯ ಕೈಯಲ್ಲಿದೆ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆಗೆದುಕೊಳ್ಳಿ. ಮಕ್ಕಳಾದವರು, ವಯಸ್ಸಾದ ಅಪ್ಪ ಅಮ್ಮ ಇರುವವರು, ಹತ್ತು ಹದಿನೈದು ವರ್ಷ ಅನುಭವ ಆದವರು. ಭಾಷಣದ ಸಮಾವೇಶ ಬೇಡ. ಒಬ್ಬೊಬ್ಬರಿಗೇ ಫೋನ್ ಮಾಡಿ.

ಅವರು ಕೇಳುವ ಮೊದಲ ಪ್ರಶ್ನೆ ಕಂಪನಿಯದ್ದಾಗಿರುವುದಿಲ್ಲ. "ನನ್ನ ಹೆಂಡತಿಗೆ ಅಲ್ಲಿ ಕೆಲಸ ಸಿಗುತ್ತದಾ?", "ನನ್ನ ಗಂಡನ ಕೆಲಸದ ಗತಿ ಏನು?", "ಮಕ್ಕಳ ಶಾಲೆ ಹೇಗಿದೆ?" ಇವೇ ಬರುತ್ತವೆ. ಎಷ್ಟೋ ನಗರಗಳು ಇಲ್ಲೇ ಸೋಲುತ್ತವೆ. ಸಂಗಾತಿಗೆ ಕೆಲಸ ಹುಡುಕಿಕೊಡಲು ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳ ನಡುವೆ ಓಡಾಡುವ ಒಬ್ಬರನ್ನು ನೇಮಿಸಿ. ಮನೆಯಿಂದಲೇ ಬೇರೆ ಊರಿನ ಕಂಪನಿಗೆ ದುಡಿಯುವವರನ್ನೂ ಕಡೆಗಣಿಸಬೇಡಿ. ಓಕ್ಲಹೋಮಾದ ಟಲ್ಸಾ ನಗರದಲ್ಲಿ 2018ರಿಂದ ಒಂದು ದತ್ತಿ ಪ್ರತಿಷ್ಠಾನ, ಅಲ್ಲಿಗೆ ಬಂದು ಒಂದು ವರ್ಷ ನೆಲೆಸುವ ರಿಮೋಟ್ ಕೆಲಸಗಾರರಿಗೆ 10,000 ಡಾಲರ್ ಕೊಡುತ್ತಿದೆ. ಸಾವಿರಾರು ಜನ ಹೋಗಿದ್ದಾರೆ. ಅಷ್ಟು ದುಡ್ಡು ನಿಮ್ಮ ಹತ್ತಿರ ಇಲ್ಲದಿರಬಹುದು. ಆದರೆ ಸಂಗಾತಿ ರಿಮೋಟ್ ಕೆಲಸ ಉಳಿಸಿಕೊಂಡು ಜೊತೆಗೆ ಬರುವಂತಾಗಲು ಬೇಕಾದ್ದು ಒಳ್ಳೆಯ ಇಂಟರ್‌ನೆಟ್ ಮತ್ತು ಕರೆಂಟು. ಅಷ್ಟನ್ನು ನಗರ ಒದಗಿಸಬಹುದು.

ಊರಿನ ನಂಟಿಲ್ಲದವರನ್ನು ದುಡ್ಡು ಕೊಟ್ಟು ಕರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಚಿಲಿ ದೇಶದ ಅನುಭವ ಇದೆ. 2010ರಲ್ಲಿ ಅಲ್ಲಿ ಸ್ಟಾರ್ಟಪ್ ಚಿಲಿ ಯೋಜನೆ ಬಂತು. ಹೊರದೇಶದ ಉದ್ಯಮಿಗಳಿಗೆ 40,000 ಡಾಲರ್, ಒಂದು ವರ್ಷದ ವೀಸಾ, ಕಂಪನಿಯಲ್ಲಿ ಪಾಲೂ ಕೇಳುವುದಿಲ್ಲ. ಬಹಳ ಜನ ಬಂದರು. ದುಡ್ಡು, ಅವಧಿ ಮುಗಿದ ಮೇಲೆ ಬಹುಪಾಲು ಜನ ಹೊರಟರು. ಯೋಜನೆ ಪೂರ್ತಿ ವ್ಯರ್ಥವಾಗಲಿಲ್ಲ, ಸ್ಥಳೀಯ ಯುವಕರಿಗೆ ಒಳ್ಳೆಯ ಒಡನಾಟ ಸಿಕ್ಕಿತು. ಆದರೆ ದೇಶವೇ ಮಾಡಬಲ್ಲ ಖರ್ಚನ್ನು ಒಂದು ಸಣ್ಣ ನಗರ ಮಾಡಬಾರದು.

ಬಂಡವಾಳದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಯಾವ ಕಂಪನಿಗೆ ದುಡ್ಡು ಕೊಡಬೇಕು ಅಂತ ನಗರಾಡಳಿತ ಆರಿಸಬಾರದು. ಇಸ್ರೇಲ್ 1993ರಲ್ಲಿ ಯೋಜ್ಮಾ ಎಂಬ ಯೋಜನೆಗೆ 10 ಕೋಟಿ ಡಾಲರ್ ಹಾಕಿತು. ಹೆಚ್ಚಿನ ದುಡ್ಡು ಹೋದದ್ದು ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಹತ್ತು ಖಾಸಗಿ ನಿಧಿಗಳಿಗೆ. ಆಯ್ಕೆ ಮಾಡುವುದು ನಿಧಿ ನಡೆಸುವವರ ಕೆಲಸ. ಗೆದ್ದರೆ ಸರ್ಕಾರದ ಪಾಲನ್ನು ಕೊಂಡುಕೊಳ್ಳುವ ಹಕ್ಕೂ ಅವರಿಗಿತ್ತು. ನಿಮ್ಮ ಪ್ರಮಾಣಕ್ಕೆ ಇಳಿಸಿದರೆ ಇದರ ಅರ್ಥ ಇಷ್ಟು: ಊರಿನ ಉದ್ಯಮಿಗಳು ಏಳೆಂಟು ಜನ ಸೇರಿ ತಮ್ಮ ದುಡ್ಡು ಹಾಕಲಿ, ಆಯ್ಕೆ ಅವರೇ ಮಾಡಲಿ. ಅವರು ಅದೇ ಕಸುಬಿನವರಾದರೆ ದುಡ್ಡಿನ ಜೊತೆ ತಿಳಿವಳಿಕೆಯೂ ಬರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದು ಕಂಪನಿ ಗೆದ್ದು ದೊಡ್ಡದಾದರೆ ಊರೆಲ್ಲ ಅದರ ಸುತ್ತ ಸುತ್ತಲು ಶುರುಮಾಡುತ್ತದೆ. ಫಿನ್ಲೆಂಡಿನ ಔಲು ನಗರಕ್ಕೆ ನೋಕಿಯಾ ಹಾಗೇ ಇತ್ತು. ನೋಕಿಯಾ ಫೋನ್ ಸೋತಾಗ ಅಲ್ಲಿ ಎಷ್ಟೋ ಎಂಜಿನಿಯರುಗಳು ಕೆಲಸ ಕಳೆದುಕೊಂಡರು. ಆದರೆ 2011ರಲ್ಲಿ ನೋಕಿಯಾ ಬ್ರಿಡ್ಜ್ ಎಂಬ ಯೋಜನೆ ಮಾಡಿ, ಹೊರಹೋಗುವ ನೌಕರರು ಕಂಪನಿ ಕಟ್ಟಿದರೆ ಒಬ್ಬೊಬ್ಬರಿಗೆ 25,000 ಯೂರೋವರೆಗೆ ಕೊಟ್ಟಿತು. ಹಲವು ದೇಶಗಳಲ್ಲಿ ಒಟ್ಟು ಸುಮಾರು ಸಾವಿರ ಹೊಸ ಕಂಪನಿಗಳು ಹುಟ್ಟಿದವು. ಔಲುವಿನಲ್ಲಿ ಇನ್ನೊಂದು ಹಳೆಯ ಬೇರೂ ಇತ್ತು. 1977ರಲ್ಲಿ ಪಕ್ಕದ ಕೆಂಪೆಲೆಯಲ್ಲಿ ಪೋಲಾರ್ ಎಂಬ ಕಂಪನಿ ಹೃದಯ ಬಡಿತ ಅಳೆಯುವ ಸಾಧನಗಳನ್ನು ಮಾಡಲು ಶುರುಮಾಡಿತ್ತು. ದೇಹದ ಮೇಲೆ ಧರಿಸುವ ಸಾಧನ, ರೇಡಿಯೋ ತಂತ್ರಜ್ಞಾನ, ಎರಡೂ ಗೊತ್ತಿದ್ದ ಊರಿನಲ್ಲಿ 2013ರಲ್ಲಿ, ನಿದ್ದೆ, ಹೃದಯ ಬಡಿತ ಅಳೆಯುವ ಔರಾ ಉಂಗುರದ ಕಂಪನಿ ಹುಟ್ಟಿದ್ದು ಆಶ್ಚರ್ಯವಲ್ಲ. ವಾಟರ್‌ಲೂನಲ್ಲೂ ಬ್ಲ್ಯಾಕ್‌ಬೆರಿ ಕುಸಿದ ಮೇಲೆ ಊರು ಉಳಿಯಿತು, ಯಾಕೆಂದರೆ ಅಷ್ಟರೊಳಗೆ ಅಲ್ಲಿ ಬೇರೆ ಕಂಪನಿಗಳು, 1997ರಿಂದ ಕೆಲಸ ಮಾಡುತ್ತಿದ್ದ ಕಮ್ಯುನಿಟೆಕ್ ಎಂಬ ಅವುಗಳ ಕೂಟ ಎಲ್ಲ ಇದ್ದವು.

ಇಂಥ ಕೂಟ ನಿಮ್ಮಲ್ಲೂ ಬೇಕು, ಅದಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಕಾನ್ಸಾಸ್ ಸಿಟಿಯಲ್ಲಿ ಕಾಫ್‌ಮನ್ ಪ್ರತಿಷ್ಠಾನದವರು 2012ರಲ್ಲಿ ಒನ್ ಮಿಲಿಯನ್ ಕಪ್ಸ್ ಎಂಬ ಕೂಟ ಶುರುಮಾಡಿದರು. ಬುಧವಾರ ಬೆಳಿಗ್ಗೆ ಕಾಫಿ. ಒಬ್ಬ ಉದ್ಯಮಿ ಆರು ನಿಮಿಷ ತಮ್ಮ ಕಂಪನಿ ಬಗ್ಗೆ ಹೇಳುತ್ತಾರೆ, ಇಪ್ಪತ್ತು ನಿಮಿಷ ಪ್ರಶ್ನೋತ್ತರ. ಕೊನೆಗೆ ಕೇಳುವುದು ಒಂದೇ, ನಾವೆಲ್ಲ ಸೇರಿ ನಿಮಗೆ ಏನು ಸಹಾಯ ಮಾಡಬಹುದು? ಇದು ಅಮೆರಿಕದ ಎಷ್ಟೋ ಸಣ್ಣ ಊರುಗಳಿಗೆ ಹರಡಿತು. ನೀವು ಮಾಡುವುದಾದರೆ ದಿನ, ಸಮಯ, ಜಾಗ ಬದಲಿಸಬೇಡಿ. ನಾಲ್ಕೇ ಜನ ಬಂದರೂ ನಡೆಸಿ. ವೇದಿಕೆ, ಹಾರ, ಮುಖ್ಯ ಅತಿಥಿ ಇವೆಲ್ಲ ಬೇಡ. ನಡೆಸುವವರೂ ಕಂಪನಿ ಕಟ್ಟಿದವರೇ ಆಗಿರಲಿ. ಅಮೆರಿಕದ ಬೌಲ್ಡರ್ ನಗರದಲ್ಲಿ, ಹೊಸ ಕಂಪನಿಗಳಿಗೆ ದುಡ್ಡು ಮತ್ತು ಮಾರ್ಗದರ್ಶನ ಕೊಡುವ ಟೆಕ್‌ಸ್ಟಾರ್ಸ್ ಎಂಬ ಸಂಸ್ಥೆ 2007ರಲ್ಲಿ ಹತ್ತೇ ಕಂಪನಿಗಳ ಮೊದಲ ತಂಡ ಮಾಡಿತು, ಅದನ್ನು ಹುಟ್ಟುಹಾಕಿದವರೂ ಉದ್ಯಮಿಗಳೇ. ಅಧಿಕಾರಿಗಳು ಬದಲಾಗುತ್ತಾರೆ, ಸಮಿತಿಗಳ ಅವಧಿ ಮುಗಿಯುತ್ತದೆ. ಊರಲ್ಲೇ ಇರುವವರು ಇದನ್ನು ಹಿಡಿದುಕೊಂಡರೆ ಮಾತ್ರ ಇದು ಉಳಿಯುತ್ತದೆ.

ಎಲ್ಲ ಬಗೆಯ ಸ್ಟಾರ್ಟಪ್‌ಗಳೂ ನಿಮಗೆ ಬರುವುದಿಲ್ಲ ಅನ್ನುವುದನ್ನು ಸಮಿತಿಗೆ ಮೊದಲೇ ತಿಳಿಸಿ. ವರ್ಷದೊಳಗೆ ಕೋಟಿ ಬಳಕೆದಾರರನ್ನು ಮುಟ್ಟಬೇಕಾದ ಆ್ಯಪ್‌ಗಳಿಗೆ, ನೂರಾರು ಕೋಟಿ ಬಂಡವಾಳ ಬೇಕಾದವಕ್ಕೆ ಮಹಾನಗರವೇ ಸರಿ. ಅವುಗಳ ಹಿಂದೆ ಹೋಗಿ ದುಡ್ಡು, ಸಮಯ ಕಳೆಯಬೇಡಿ. ಕಾರ್ಖಾನೆ, ಆಸ್ಪತ್ರೆ, ಸಾಗಣೆ, ನೀರು, ವಿದ್ಯುತ್ ಇಂಥವಕ್ಕೆ ಸಾಫ್ಟ್‌ವೇರ್ ಮತ್ತು ಸಾಧನ ಮಾಡುವವರು, ನಿಧಾನವಾಗಿ ಗಿರಾಕಿಯ ದುಡ್ಡಿನಲ್ಲೇ ಬೆಳೆಯುವವರು ನಿಮ್ಮವರು.

ಎಷ್ಟು ವರ್ಷ ಬೇಕು ಅಂತ ಕೇಳಿದ್ದೀರಿ. ವಾಟರ್‌ಲೂ ವಿಶ್ವವಿದ್ಯಾಲಯ ಶುರುವಾಗಿ ಬ್ಲ್ಯಾಕ್‌ಬೆರಿಯ ಕಂಪನಿ ಹುಟ್ಟಲು 27 ವರ್ಷ ಬೇಕಾಯಿತು. ಬರ್ಗಮ್ ವಾಪಸ್ ಬಂದು ಫಾರ್ಗೊದ ಕಂಪನಿ ದೊಡ್ಡ ಬೆಲೆಗೆ ಮಾರಾಟವಾಗಲು 18 ವರ್ಷ. ಊರಿನ ಮುಖ ಬದಲಾಗಲು ಹದಿನೈದು ಇಪ್ಪತ್ತು ವರ್ಷ ಅಂತಲೇ ಲೆಕ್ಕ ಹಾಕಿ. ಚುನಾವಣೆಯ ಅವಧಿಯೊಳಗೆ ಫಲ ತೋರಿಸುತ್ತೇವೆ ಅಂತ ಯಾರಿಗೂ ಮಾತು ಕೊಡಬೇಡಿ.

ಹಾಗಂತ ಮೊದಲ ವರ್ಷ ತೋರಿಸಲು ಏನೂ ಇರುವುದಿಲ್ಲ ಅಂತಲ್ಲ. ಎಷ್ಟು ಸ್ಟಾರ್ಟಪ್ ನೋಂದಣಿಯಾದವು ಅನ್ನುವ ಅಂಕಿ ಬಿಟ್ಟುಬಿಡಿ, ಅದನ್ನು ಯಾರು ಬೇಕಾದರೂ ಉಬ್ಬಿಸಬಹುದು. ಊರಿನ ಎಷ್ಟು ಸಂಸ್ಥೆಗಳು ಹೊಸ ಕಂಪನಿಯೊಂದಕ್ಕೆ ನಿಜವಾಗಿ ದುಡ್ಡು ಕೊಟ್ಟವು? ನಗರಾಡಳಿತದ ಬಿಲ್ಲು ಸರಾಸರಿ ಎಷ್ಟು ದಿನದಲ್ಲಿ ಪಾಸಾಯಿತು? ಎಷ್ಟು ವಿದ್ಯಾರ್ಥಿಗಳು ಊರಿನ ಸಮಸ್ಯೆಯ ಮೇಲೆ ಸಂಬಳಕ್ಕೆ ಕೆಲಸ ಮಾಡಿದರು? ಹೊರಗಿದ್ದವರು ಎಷ್ಟು ಜನ ಮನೆಮಂದಿ ಸಮೇತ ಬಂದು ನೆಲೆಸಿದರು, ಒಂದು ವರ್ಷದ ಮೇಲೂ ಇದ್ದಾರಾ? ಈ ನಾಲ್ಕು ಅಂಕಿಗಳನ್ನು ಪ್ರತಿ ಮೂರು ತಿಂಗಳಿಗೆ ನಗರಾಡಳಿತದ ಸಭೆಯಲ್ಲಿ ಓದಿ. ಟೆಕ್ ಪಾರ್ಕಿನ ಮಾತು ಮತ್ತೆ ಬಂದಾಗ, ಬಾಡಿಗೆಗೆ ಜಾಗ ಸಾಲದೆ ಕಾಯುತ್ತಿರುವ ಕಂಪನಿಗಳ ಪಟ್ಟಿ ಕೇಳಿ. ಅದರಲ್ಲಿ ಹದಿನೈದು ಹೆಸರಿದ್ದರೆ ಖಂಡಿತ ಕಟ್ಟಿಸಿ.